ರೆಸಿಡೆಂಟ್ ಡಾಕ್ಟರ್‌ಗಳ ಮನಸ್ಸಿನ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ರೆಸಿಡೆನ್ಸಿ ಮುಗಿದು ಕೆಲವು ವರ್ಷಗಳಾದವು. ಈಗಲೂ ಜೂನಿಯರ್‌ಗಳು ಅಪರಾತ್ರಿಯಲ್ಲಿ ಮೆಸೇಜ್ ಮಾಡುತ್ತಾರೆ. "ಮೇಡಂ, ಒಂದು ಕೇಸ್ ಬಗ್ಗೆ ಕೇಳಬೇಕಿತ್ತು" ಅಂತ ಶುರುವಾಗುತ್ತದೆ. ಎರಡು ಮೆಸೇಜ್ ದಾಟುವಷ್ಟರಲ್ಲಿ ಆ ಕೇಸು ಅವರೇ ಅಂತ ಗೊತ್ತಾಗಿಬಿಡುತ್ತದೆ. ಅವರು ಕೇಳಿದ್ದು, ಅವರ ಮನೆಯವರು ಕೇಳಿದ್ದು, ನಾನು ಆಗ ಯಾರನ್ನೂ ಕೇಳದೆ ನುಂಗಿಕೊಂಡಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ರೆಸಿಡೆನ್ಸಿ ಅಂದರೆ ಏನು? ಡಾಕ್ಟರ್ ಆದಮೇಲೂ ಯಾಕೆ ಇಷ್ಟು ಒದ್ದಾಟ?

ಪದವಿ ಮುಗಿದರೆ ಡಾಕ್ಟರ್ ಅನ್ನಿಸಿಕೊಳ್ಳಬಹುದು. ಸರ್ಜನ್ನೋ, ಮಕ್ಕಳ ಡಾಕ್ಟರೋ, ಅರಿವಳಿಕೆ ಡಾಕ್ಟರೋ ಆಗಬೇಕಾದರೆ ಇನ್ನೂ ಹಲವು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯಬೇಕು. ರಕ್ತ ತೆಗೆಯುವುದು, ಡ್ರಿಪ್ ಹಾಕುವುದು, ಕೇಸ್ ಶೀಟ್ ಬರೆಯುವುದು, ಸ್ಕ್ಯಾನ್‌ಗಾಗಿ ಗೋಗರೆಯುವುದು, ತೀರಿಕೊಂಡವರ ಮನೆಯವರಿಗೆ ಸುದ್ದಿ ಹೇಳುವುದು, ಎಲ್ಲಾ ಇವರ ತಲೆಗೇ. ಇದರ ಮಧ್ಯೆ ಓದು, ಪರೀಕ್ಷೆ, ಥೀಸಿಸ್ ಬೇರೆ.

ರೆಸಿಡೆಂಟ್ ಅಂದರೆ ಅಲ್ಲೇ ವಾಸ ಮಾಡುವವರು ಅಂತ ಅರ್ಥ. ಮೊದಲೆಲ್ಲ ನಿಜವಾಗಿಯೂ ಆಸ್ಪತ್ರೆಯಲ್ಲೇ ಇರುತ್ತಿದ್ದರು. 1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಈಗಿನ ಸರ್ಜರಿ ತರಬೇತಿಯ ಅಚ್ಚು ಹಾಕಿದವರು ಅಲ್ಲಿದ್ದ ವಿಲಿಯಂ ಹಾಲ್‌ಸ್ಟೆಡ್. ಒಂದು ಸಂಗತಿ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೊಕೇನ್ ಹಾಕಿದರೆ ಜಾಗ ಮರಗಟ್ಟುತ್ತದಾ ಅಂತ ಅವರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಅದರ ಚಟಕ್ಕೆ ಬಿದ್ದರು. ಆಮೇಲೆ ಮಾರ್ಫಿನ್ ಅಂಟಿಕೊಂಡಿತು. ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೇ ಆಪರೇಷನ್ ಮಾಡಿದರು, ಪಾಠ ಹೇಳಿದರು. ತನ್ನ ಕಾಯಿಲೆ ಬಚ್ಚಿಟ್ಟುಕೊಂಡು ಡ್ಯೂಟಿಗೆ ಬರುವ ಡಾಕ್ಟರ್ ಹೊಸಬರೇನಲ್ಲ, ಅಲ್ವಾ?

ಎಷ್ಟು ಜನಕ್ಕೆ ಹೀಗಾಗುತ್ತದೆ? ನಾನೊಬ್ಬನೇನಾ?

ಅಲ್ಲ. 2015ರಲ್ಲಿ ಬೇರೆ ಬೇರೆ ದೇಶಗಳ 54 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಅದರಲ್ಲಿ 17,000ಕ್ಕೂ ಹೆಚ್ಚು ತರಬೇತಿ ವೈದ್ಯರಿದ್ದರು. ಶೇಕಡಾ 28.8ರಷ್ಟು ಜನರಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡವು. ಅಂದರೆ ಬೆಳಗಿನ ರೌಂಡ್ಸ್‌ನಲ್ಲಿ ಏಳು ಜನ ರೆಸಿಡೆಂಟ್‌ಗಳು ಸಾಲಾಗಿ ನಿಂತಿದ್ದರೆ, ಅವರಲ್ಲಿ ಇಬ್ಬರು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು 2010ರ ಇನ್ನೊಂದು ಅಧ್ಯಯನ. ಅಮೆರಿಕದಲ್ಲಿ ಶ್ರೀಜನ್ ಸೇನ್ ಎಂಬ ಮನೋವೈದ್ಯರ ತಂಡ 740 ಹೊಸ ಇಂಟರ್ನ್‌ಗಳನ್ನು (ಅಲ್ಲಿ ಮೊದಲ ವರ್ಷದ ರೆಸಿಡೆಂಟ್‌ಗಳನ್ನು ಹೀಗೆ ಕರೆಯುತ್ತಾರೆ) ಡ್ಯೂಟಿ ಶುರುವಾಗುವ ಮೊದಲೇ ಪರೀಕ್ಷಿಸಿತು. ಆಗ ಖಿನ್ನತೆಯ ಗೆರೆ ದಾಟಿದ್ದವರು ಶೇಕಡಾ 3.9. ಆ ವರ್ಷದಲ್ಲಿ ಅದೇ ಜನರನ್ನು ಮತ್ತೆ ಮತ್ತೆ ಕೇಳಿದಾಗ ಸರಾಸರಿ 25.7ಕ್ಕೆ ಏರಿತ್ತು. ಜನ ಅವರೇ, ಮಧ್ಯೆ ಬಂದು ಸೇರಿದ್ದು ಕೆಲಸ. "ನಾನೇ ವೀಕು" ಅಂದುಕೊಳ್ಳುವ ಪ್ರತಿಯೊಬ್ಬರಿಗೂ ಈ ಎರಡು ಅಂಕಿ ತೋರಿಸುತ್ತೇನೆ.

ಇದು ಸುಸ್ತಾ, ಬರ್ನ್‌ಔಟಾ, ಖಿನ್ನತೆಯಾ? ಹೇಗೆ ಗೊತ್ತು ಮಾಡಿಕೊಳ್ಳುವುದು?

ಸುಸ್ತು ಸರಿಯಾಗಿ ಎರಡು ದಿನ ಮಲಗಿದರೆ ಇಳಿಯುತ್ತದೆ. ಬರ್ನ್‌ಔಟ್ ಎಂಬ ಪದವನ್ನು ಈ ಅರ್ಥದಲ್ಲಿ 1974ರಲ್ಲಿ ಬಳಕೆಗೆ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅಂತ ಕರೆಯುವುದಿಲ್ಲ, ಕೆಲಸಕ್ಕೆ ಅಂಟಿಕೊಂಡ ಸ್ಥಿತಿ ಅನ್ನುತ್ತದೆ. ಅದರಲ್ಲಿ ಮೂರು ಸಂಗತಿ ಇರುತ್ತವೆ: ಪೂರ್ತಿ ಬಸವಳಿಯುವುದು, ಕೆಲಸದ ಮೇಲೆ ಜಿಗುಪ್ಸೆ ಬರುವುದು, ಮಾಡಿದ್ದು ಯಾವುದೂ ಸಾಲದು ಅನ್ನಿಸುವುದು. ಪೇಷೆಂಟ್‌ಗೆ ಹೆಸರೇ ಇಲ್ಲದ ಹಾಗೆ "ಆರನೇ ಬೆಡ್ ಲಿವರ್" ಅಂತ ಬಾಯಿಗೆ ಬರಲು ಶುರುವಾದರೆ ಸ್ವಲ್ಪ ಹುಷಾರಾಗಿ.

ಖಿನ್ನತೆ ಆಸ್ಪತ್ರೆ ಗೇಟಿನ ಹತ್ತಿರ ನಿಲ್ಲುವುದಿಲ್ಲ. ರಜೆಯಲ್ಲೂ ಜೊತೆಗೇ ಬರುತ್ತದೆ. ಇಷ್ಟವಾಗಿದ್ದ ಹಾಡು ಸಪ್ಪೆ ಅನ್ನಿಸುತ್ತದೆ, ಅಮ್ಮನ ಫೋನ್ ಎತ್ತಲು ಮನಸ್ಸಾಗುವುದಿಲ್ಲ. ಹಸಿವು ಹೋಗಬಹುದು, ಇಲ್ಲವೇ ವಿಪರೀತ ಆಗಬಹುದು. ಸಮಯ ಸಿಕ್ಕರೂ ನಿದ್ದೆ ಬರುವುದಿಲ್ಲ. ಎರಡು ವಾರ ದಾಟಿಯೂ ಹೆಚ್ಚು ಕಡಿಮೆ ದಿನವೂ ಹೀಗೇ ಇದ್ದರೆ ತೋರಿಸಿಕೊಳ್ಳಬೇಕು. ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ. ಯಾವುದು ಅಂತ ಗೆರೆ ಎಳೆಯುವ ಕೆಲಸ ನಿಮ್ಮದಲ್ಲ.

ಡಾಕ್ಟರ್‌ಗೆ ತನ್ನ ಕಾಯಿಲೆ ತನಗೇ ಗೊತ್ತಾಗುವುದಿಲ್ಲವಾ?

ಗೊತ್ತಾಗುತ್ತದೆ. ಆಮೇಲೆ ಏನು ಮಾಡುತ್ತಾರೆ ಅನ್ನುವುದೇ ಪ್ರಶ್ನೆ.

ಎರಡನೇ ವರ್ಷದಲ್ಲಿ ಒಂದು ರಾತ್ರಿ, ಮೂರು ಗಂಟೆ ಇರಬೇಕು. ವಾರ್ಡ್ ಅಪರೂಪಕ್ಕೆ ತಣ್ಣಗಿತ್ತು. ನರ್ಸಿಂಗ್ ಸ್ಟೇಷನ್ ಮೇಲೆ ಪಿಎಚ್‌ಕ್ಯು-9 ಹಾಳೆಗಳ ಕಟ್ಟು ಬಿದ್ದಿತ್ತು. ಖಿನ್ನತೆ ಅಳೆಯಲು ಪೇಷೆಂಟ್‌ಗಳಿಗೆ ಕೊಡುವ ಒಂಬತ್ತು ಪ್ರಶ್ನೆಗಳ ಹಾಳೆ ಅದು. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಮುಂದೆ ನೋಡಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಸುಮ್ನೆ ಪೆನ್ ತಗೊಂಡು ತುಂಬಿದೆ. 16 ಬಂತು. ಪೇಷೆಂಟ್‌ಗೆ 16 ಬಂದಿದ್ದರೆ ಬೆಳಗಾಗುವುದರೊಳಗೆ ಸೈಕಿಯಾಟ್ರಿಗೆ ರೆಫರೆನ್ಸ್ ಬರೆದಿಡುತ್ತಿದ್ದೆ. ನನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಹರಿದು, ಬುಟ್ಟಿಗೆ ಹಾಕಿ, ನಾಲ್ಕು ಗಂಟೆಯ ಬಿಪಿ ನೋಡಲು ಹೋದೆ. ಮುಂದಿನ ಐದು ತಿಂಗಳು ಯಾರಿಗೂ ಹೇಳಲಿಲ್ಲ.

ಓದಿದ್ದು ಇಲ್ಲಿ ಕೈಹಿಡಿಯುವುದಿಲ್ಲ. ಕೆಲವು ಸಲ ಓದೇ ಅಡ್ಡ ಬರುತ್ತದೆ. ಪ್ರತಿ ಲಕ್ಷಣಕ್ಕೂ ಒಂದು ಸಮಜಾಯಿಷಿ ನಮ್ಮ ಹತ್ತಿರ ರೆಡಿ ಇರುತ್ತದೆ: ನಿದ್ದೆ ಇಲ್ಲ, ನೈಟ್ ಡ್ಯೂಟಿ ತಾನೇ. ತೂಕ ಇಳಿದಿದೆ, ಊಟಕ್ಕೆ ಟೈಮ್ ಎಲ್ಲಿ. ಅಳು ಬಂತು, ಪೋಸ್ಟಿಂಗ್ ಕಷ್ಟದ್ದು. ನಮ್ಮನ್ನು ನೋಡಲು ನಾವಲ್ಲದ ಒಬ್ಬರು ಬೇಕು.

ನಿದ್ದೆ ಕೆಟ್ಟರೆ ಅಷ್ಟೊಂದು ತೊಂದರೆಯಾ? ಅಭ್ಯಾಸ ಆಗುವುದಿಲ್ಲವಾ?

ಅಭ್ಯಾಸ ಆಯಿತು ಅನ್ನಿಸುತ್ತದೆ, ಅಷ್ಟೇ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಹೋಲಿಕೆ ಮಾಡಿದರು. 17 ಗಂಟೆ ಎಚ್ಚರ ಇದ್ದವರ ಕೈಯ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಇತ್ತು. 24 ಗಂಟೆ ದಾಟಿದರೆ ಅದು ಹೆಚ್ಚು ಕಡಿಮೆ 0.10ಕ್ಕೆ ಸಮ. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದು ಗಾಡಿ ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ನಾವು ಆ ಸ್ಥಿತಿಯಲ್ಲಿ ಇನ್ಸುಲಿನ್ ಡೋಸ್ ಲೆಕ್ಕ ಹಾಕುತ್ತೇವೆ.

ಗಾಡಿ ವಿಷಯಕ್ಕೆ ಬಂದರೆ, 24 ಗಂಟೆಗೂ ಮೀರಿದ ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಇಂಟರ್ನ್‌ಗಳಿಗೆ ಅಪಘಾತವಾಗುವ ಸಂಭವ ದುಪ್ಪಟ್ಟಿಗಿಂತ ಹೆಚ್ಚು ಅಂತ 2005ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಡ್ಯೂಟಿ ರೂಮಿನಲ್ಲಿ ಒಂದು ಗಂಟೆ ಮಲಗಿ ಹೊರಡಿ. ಇಲ್ಲದಿದ್ದರೆ ಬೇರೆಯವರು ಓಡಿಸುವ ಗಾಡಿಯಲ್ಲಿ ಹೋಗಿ.

ಮನಸ್ಸಿಗೂ ನಿದ್ದೆಗೂ ಇರುವ ನಂಟು ಎರಡೂ ಕಡೆಯಿಂದ. ನಿದ್ದೆಗೆಟ್ಟರೆ ಖಿನ್ನತೆ ಹತ್ತಿರ ಬರುತ್ತದೆ, ಖಿನ್ನತೆ ಬಂದರೆ ನಿದ್ದೆ ದೂರ ಹೋಗುತ್ತದೆ. ಸತತ ನೈಟ್ ಇರುವಾಗ ಇಪ್ಪತ್ತು ನಿಮಿಷದ ಕಿರುನಿದ್ದೆ ಸಿಕ್ಕರೂ ಬಿಡಬೇಡಿ. ಕಾಫಿಯಲ್ಲಿರುವ ಕೆಫೀನ್ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಎಂಟಕ್ಕೆ ಮಲಗುವ ಯೋಚನೆ ಇದ್ದರೆ ನಾಲ್ಕು ಗಂಟೆಯ ಕಾಫಿ ಬೇಡ.

"ನಾವೆಲ್ಲ ಮಾಡಿಲ್ವಾ? ನಿಮಗೇನು ಕಷ್ಟ?" ಅನ್ನುವ ಸೀನಿಯರ್‌ಗೆ ಏನು ಹೇಳುವುದು?

ಎದುರಿಗೆ ಏನೂ ಹೇಳಬೇಡಿ, ರೌಂಡ್ಸ್ ಬೇಗ ಮುಗಿಯಲಿ. ಮನಸ್ಸಿನಲ್ಲಿ ಮಾತ್ರ ಇಷ್ಟು ಇಟ್ಟುಕೊಳ್ಳಿ: ಅವರೂ ಮಾಡಿದರು, ಅವರಲ್ಲಿ ಎಷ್ಟೋ ಜನ ಒಳಗೊಳಗೇ ಮುರಿದರು, ಆಗ ಯಾರೂ ಲೆಕ್ಕ ಇಡಲಿಲ್ಲ. ಕೋರ್ಸ್ ಬಿಟ್ಟು ಹೋದವರು ಇವತ್ತು ರೌಂಡ್ಸ್‌ಗೆ ಬಂದು "ನಮ್ಮ ಕೈಲಿ ಆಗಲಿಲ್ಲ" ಅಂತ ಹೇಳುವುದಿಲ್ಲವಲ್ಲ.

ಪೇಷೆಂಟ್‌ಗಳೂ ಬದಲಾಗಿದ್ದಾರೆ. ಹಿಂದೆ ವಾರಗಟ್ಟಲೆ ವಾರ್ಡಿನಲ್ಲಿ ಮಲಗುತ್ತಿದ್ದವರನ್ನು ಈಗ ಮೂರು ದಿನಕ್ಕೆ ಡಿಸ್ಚಾರ್ಜ್ ಮಾಡುತ್ತೇವೆ. ಅದೇ ಬೆಡ್‌ಗೆ ಅಡ್ಮಿಷನ್ ಜಾಸ್ತಿ, ಬರೆಯುವುದು ಜಾಸ್ತಿ, ಇದ್ದವರ ಕಾಯಿಲೆಯೂ ಜಾಸ್ತಿ ಗಂಭೀರ.

ಡ್ಯೂಟಿ ಗಂಟೆ ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದಾ?

ಅರ್ಧ ಸರಿಹೋಗುತ್ತದೆ. ಈ ಕಥೆ ಶುರುವಾಗುವುದು 1984ರ ನ್ಯೂಯಾರ್ಕ್‌ನಲ್ಲಿ. ಲಿಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ಜ್ವರ ಅಂತ ಆಸ್ಪತ್ರೆ ಸೇರಿ, ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೋಡಿಕೊಳ್ಳುತ್ತಿದ್ದವರು ದೀರ್ಘ ಪಾಳಿಯಲ್ಲಿದ್ದ ರೆಸಿಡೆಂಟ್‌ಗಳು. ಅವಳ ತಂದೆ ಪತ್ರಕರ್ತ, ಹಿಡಿದ ಪಟ್ಟು ಬಿಡಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಬಂತು. ಯುರೋಪ್ ಒಕ್ಕೂಟದ ನಿಯಮ ಸರಾಸರಿ 48 ಗಂಟೆ. ಕಾಗದದ ಮೇಲೆ ಅಂತ ಸೇರಿಸಿಕೊಳ್ಳಿ. ಗಂಟೆ ಮುಗಿದ ಮೇಲೆ ಲಾಗ್‌ಔಟ್ ಆಗಿ ಕೆಲಸ ಮುಂದುವರಿಸುವ ಕಲೆ ಎಲ್ಲ ಕಡೆ ಇದೆ.

ಪಾಳಿ ಗಿಡ್ಡ ಮಾಡಿದ್ದರಿಂದ ಲಾಭವಾಗಿದ್ದಕ್ಕೆ ಪುರಾವೆ ಇದೆ. 2004ರ ಒಂದು ಪ್ರಯೋಗದಲ್ಲಿ, ಹಳೆಯ ಪದ್ಧತಿಯ ಉದ್ದ ಪಾಳಿಯಲ್ಲಿದ್ದ ಇಂಟರ್ನ್‌ಗಳು ಐಸಿಯುನಲ್ಲಿ ಶೇಕಡಾ 36ರಷ್ಟು ಜಾಸ್ತಿ ಗಂಭೀರ ತಪ್ಪು ಮಾಡಿದರು. ಆದರೆ 2020ರಲ್ಲಿ ಮಕ್ಕಳ ಐಸಿಯುಗಳಲ್ಲಿ ಇಂಥದ್ದೇ ಪ್ರಯೋಗ ಮಾಡಿದಾಗ ಪಾಳಿ ಗಿಡ್ಡ ಮಾಡಿದ ಕಡೆಯೇ ತಪ್ಪು ಜಾಸ್ತಿ ಆಯಿತು! ಯಾಕೆ ಅಂತ ನೋಡಿದರೆ, ಗಂಟೆ ಇಳಿಸಿದ್ದರು, ಒಬ್ಬೊಬ್ಬರ ತಲೆಗೆ ಬರುವ ಪೇಷೆಂಟ್‌ಗಳ ಸಂಖ್ಯೆ ಏರಿತ್ತು. ಅದನ್ನು ಲೆಕ್ಕಕ್ಕೆ ತಗೊಂಡರೆ ವ್ಯತ್ಯಾಸ ಮಾಯ. ಹತ್ತು ಜನರ ಕೆಲಸವನ್ನು ಆರು ಜನಕ್ಕೆ ಹಂಚಿ ಬೇಗ ಮನೆಗೆ ಹೋಗಿ ಅಂದರೆ ಯಾವ ಗಡಿಯಾರ ಏನು ಮಾಡೀತು? ಜನ ಬೇಕು. ಜನಕ್ಕೆ ದುಡ್ಡು ಬೇಕು. ಚರ್ಚೆ ಇಲ್ಲಿಗೆ ಬಂದ ಕೂಡಲೇ ಮೀಟಿಂಗ್ ಮುಗಿಯುತ್ತದೆ.

ನನ್ನ ತಪ್ಪಿನಿಂದ ಪೇಷೆಂಟ್‌ಗೆ ತೊಂದರೆಯಾಯಿತು. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಮೊದಲು ಮಾಡಬೇಕಾದ ಕೆಲಸ ಮಾಡಿ. ಸೀನಿಯರ್‌ಗೆ ತಿಳಿಸಿ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಕೇಸ್ ಶೀಟ್ ತಿದ್ದಬೇಡಿ. ಮನೆಯವರ ಜೊತೆ ಮಾತಾಡುವಾಗ ಒಬ್ಬರೇ ಹೋಗಬೇಡಿ.

ಆಮೇಲೆ ನಿಮ್ಮ ಸರದಿ. ತಪ್ಪಾದ ಮೇಲೆ ಒಳಗೊಳಗೇ ಒದ್ದಾಡುವ ಡಾಕ್ಟರನ್ನು 2000ದಲ್ಲಿ ಆಲ್ಬರ್ಟ್ ವೂ ಎಂಬ ವೈದ್ಯರು 'ಎರಡನೇ ಬಲಿಪಶು' ಅಂತ ಕರೆದರು. ಆ ಹೆಸರು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಪಕ್ಕದಲ್ಲಿ ನಿಂತು ನಾನೂ ಬಲಿಪಶು ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ಅವರು ಬರೆದ ಒದ್ದಾಟ ನಿಜ: ಮತ್ತೆ ಮತ್ತೆ ಅದೇ ದೃಶ್ಯ, ಪ್ರತಿ ಡೋಸ್ ಬರೆಯುವಾಗ ಕೈ ನಡುಗುವುದು, ಆ ಬೆಡ್ ಕಡೆ ನೋಡದೆ ದಾಟುವುದು. ಇದು ವಾರಗಟ್ಟಲೆ ಇಳಿಯದಿದ್ದರೆ ಆಘಾತದ ಚಿಕಿತ್ಸೆ ಗೊತ್ತಿರುವವರನ್ನು ನೋಡಿ. ಇನ್ನೊಂದು ಮಾತು. ಖಿನ್ನತೆಯಲ್ಲಿದ್ದಾಗ ಆಗದ ತಪ್ಪೂ ನಮ್ಮದೇ ಅನ್ನಿಸುತ್ತದೆ. ಅದಕ್ಕೇ, ನಡೆದದ್ದನ್ನು ನಿಮ್ಮ ಬಾಯಿಂದ ಕೇಳಿ ಎಷ್ಟು ನಿಮ್ಮದು, ಎಷ್ಟು ಅಲ್ಲ ಅಂತ ಹೇಳುವ ಅನುಭವಿ ಡಾಕ್ಟರ್ ಒಬ್ಬರನ್ನು ಹಿಡಿಯಿರಿ.

ಎಲ್ಲರ ಮುಂದೆ ಬೈಯುತ್ತಾರೆ. ಕಲಿಸುವ ರೀತಿಯೇ ಹೀಗಾ?

ಅಲ್ಲ. "ಪೊಟ್ಯಾಸಿಯಂ ಯಾಕೆ ನೋಡಲಿಲ್ಲ?" ಅಂತ ಗಟ್ಟಿಯಾಗಿ ಕೇಳಿದರೆ ಅದು ಕಲಿಕೆ. "ನಿನ್ನನ್ನು ಯಾರಪ್ಪ ಡಾಕ್ಟರ್ ಮಾಡಿದ್ದು?" ಅಂತ ಪೇಷೆಂಟ್ ಮುಂದೆ ಕೇಳಿದರೆ ಅದು ಅವಮಾನ. ಜಾತಿ, ಭಾಷೆ, ಬಣ್ಣ, ಹೆಣ್ಣು ಅನ್ನುವುದು ಮಾತಿನಲ್ಲಿ ಬಂದರೆ ಅದು ಕಿರುಕುಳ. ದಿನಾಂಕ, ಸಮಯ, ಆಡಿದ ಮಾತು, ಯಾರಿದ್ದರು, ಇಷ್ಟನ್ನು ಅವತ್ತೇ ಬರೆದಿಟ್ಟುಕೊಳ್ಳಿ. ದೂರು ಕೊಡುವುದು ಬಿಡುವುದು ಆಮೇಲಿನ ಮಾತು. ಕೊಡುವುದಾದರೆ ಒಬ್ಬರೇ ಕೊಡುವುದಕ್ಕಿಂತ ಬ್ಯಾಚ್ ಸೇರಿ ಕೊಡುವುದು ಒಳ್ಳೆಯದು.

ನಾನೇ ಮಾತ್ರೆ ಬರೆದುಕೊಂಡರೆ ಆಗಲ್ವಾ?

ಬೇಡ. ನಾನು ಹೀಗೆ ಮಾಡಿದವಳೇ, ಅದಕ್ಕೇ ಹೇಳುತ್ತಿದ್ದೇನೆ. ನಿದ್ದೆಗೆ ಅಂತ ಚಿಕ್ಕ ಡೋಸ್ ಶುರು ಮಾಡಿದೆ. ಒಂದು ವಾರದಲ್ಲಿ ಅರ್ಧ ಒಂದಾಯಿತು. ಆ ಗುಂಪಿನ ಎಷ್ಟೋ ಮಾತ್ರೆಗಳು ಬಲುಬೇಗ ಅಂಟಿಕೊಳ್ಳುತ್ತವೆ, ಥಟ್ಟನೆ ಬಿಟ್ಟರೆ ತಿರುಗೇಟು ಕೊಡುತ್ತವೆ. ಖಿನ್ನತೆಯ ಮಾತ್ರೆಗಳ ಕಥೆ ಬೇರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು. ಸ್ವಂತ ವೈದ್ಯ ಮಾಡಿಕೊಂಡವರು ಹತ್ತನೇ ದಿನಕ್ಕೆ "ಏನೂ ಉಪಯೋಗ ಇಲ್ಲ" ಅಂತ ಬಿಟ್ಟುಬಿಡುತ್ತಾರೆ. ಬೈಪೋಲಾರ್, ಅಂದರೆ ಖಿನ್ನತೆ ಮತ್ತು ಉನ್ಮಾದ ಎರಡೂ ಬಂದು ಹೋಗುವ ಕಾಯಿಲೆ ಇದ್ದವರಿಗೆ ಬರೀ ಆ ಮಾತ್ರೆಯಿಂದ ಉನ್ಮಾದ ಏರಬಹುದು. ಅದನ್ನು ಕನ್ನಡಿ ನೋಡಿ ಕಂಡುಹಿಡಿಯಲು ಆಗುವುದಿಲ್ಲ.

ಹಾಗಾದರೆ ಯಾರ ಹತ್ತಿರ ಹೋಗುವುದು? ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ನಿಮ್ಮ ಆಸ್ಪತ್ರೆಯಲ್ಲದ ಬೇರೆ ಕಡೆ ಹೋಗಿ. ಆನ್‌ಲೈನ್‌ನಲ್ಲೂ ನೋಡುತ್ತಾರೆ. ಡಾಕ್ಟರ್‌ಗಳಿಗೆಂದೇ ಗುಟ್ಟಾಗಿ ನಡೆಸುವ ಸಹಾಯ ಸೇವೆಗಳು ಹಲವು ದೇಶಗಳಲ್ಲಿವೆ, ನಿಮ್ಮ ಕಡೆ ಇದೆಯಾ ಅಂತ ವಿಚಾರಿಸಿ. ಹೋದಾಗ "ನಾನೂ ಡಾಕ್ಟರೇ, ಆದರೆ ಇವತ್ತು ಪೇಷೆಂಟ್ ಅಂತ ನೋಡಿ" ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಇಬ್ಬರೂ ಕೂತು ಕೇಸ್ ಡಿಸ್ಕಷನ್ ಮಾಡಿ ಎದ್ದು ಬರುತ್ತೀರಿ.

ಐದು ತಿಂಗಳಾದ ಮೇಲೆ ನಾನು ಹೋದ ದಿನ, ಕಾಯುವ ಸಾಲಿನಲ್ಲಿ ಫೈಲ್ ಹಿಡಿದು ಮುಕ್ಕಾಲು ಗಂಟೆ ಕೂತಿದ್ದೆ. ಎದುರಿನ ಗೋಡೆಯ ಗಡಿಯಾರ ಆರು ನಿಮಿಷ ಹಿಂದಿತ್ತು. ನನ್ನ ಹೆಸರು ಕೂಗಿದಾಗ ಅಭ್ಯಾಸಬಲದಿಂದ ಎದ್ದು ಡಾಕ್ಟರ್ ಕುರ್ಚಿಯ ಕಡೆಗೇ ಹೋದೆ. ಅವರು ನಕ್ಕು, "ಆ ಕಡೆ ಕೂತ್ಕೊಳ್ಳಿ" ಅಂದರು.

ರಿಜಿಸ್ಟ್ರೇಷನ್‌ಗೆ ತೊಂದರೆಯಾಗುತ್ತದಾ?

ಈ ಭಯ ಸುಳ್ಳಲ್ಲ. ಎಷ್ಟೋ ಕಡೆ ಲೈಸೆನ್ಸ್ ಅರ್ಜಿಯಲ್ಲೇ ಹಿಂದೆ ಯಾವತ್ತಾದರೂ ಮಾನಸಿಕ ಚಿಕಿತ್ಸೆ ತಗೊಂಡಿದ್ದೀರಾ ಅಂತ ಕೇಳುತ್ತಿದ್ದರು. 2020ರಲ್ಲಿ ಕೋವಿಡ್ ಮೊದಲ ಅಲೆಯಲ್ಲಿ ನ್ಯೂಯಾರ್ಕ್‌ನ ತುರ್ತು ವಿಭಾಗದ ವೈದ್ಯೆ ಲೋರ್ನಾ ಬ್ರೀನ್ ಪ್ರಾಣ ಕಳೆದುಕೊಂಡರು. ಚಿಕಿತ್ಸೆ ತಗೊಂಡರೆ ವೃತ್ತಿಯೇ ಹೋಗುತ್ತದೆ ಅನ್ನುವ ಭಯ ಅವರಿಗಿತ್ತು ಅಂತ ಮನೆಯವರು ಹೇಳಿದರು. 2022ರಲ್ಲಿ ಅವರ ಹೆಸರಿನಲ್ಲೇ ಅಮೆರಿಕದಲ್ಲಿ ಕಾನೂನು ಬಂತು. ಅಲ್ಲಿನ ಎಷ್ಟೋ ರಾಜ್ಯಗಳು ಅರ್ಜಿಯ ಪ್ರಶ್ನೆ ಬದಲಾಯಿಸಿವೆ. ಈಗ ಕೇಳುವುದು, ಸದ್ಯ ಕೆಲಸಕ್ಕೆ ಅಡ್ಡಿಯಾಗುವಂಥ ತೊಂದರೆ ಇದೆಯಾ ಅಂತ ಮಾತ್ರ. ನಿಮ್ಮ ಕಡೆಯ ಅರ್ಜಿಯನ್ನು ನೀವೇ ತೆಗೆದು ಓದಿ, ಕಾರಿಡಾರ್ ಮಾತು ನಂಬಬೇಡಿ. ವೃತ್ತಿಗೆ ಹೆಚ್ಚು ಪೆಟ್ಟು ಕೊಡುವುದು ಚಿಕಿತ್ಸೆ ಇಲ್ಲದ ಕಾಯಿಲೆ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದೆ.

ಇದನ್ನು ಈಗ ಓದುತ್ತಿರುವವರು ನೀವಾಗಿದ್ದರೆ, ಮುಂದಿನದು ಆಮೇಲೆ ಓದಿ. ಈಗಲೇ ಒಬ್ಬರಿಗೆ ಫೋನ್ ಮಾಡಿ. ರೂಮ್‌ಮೇಟ್, ಅಣ್ಣ, ತಂಗಿ, ಬ್ಯಾಚ್‌ಮೇಟ್, ಯಾರಾದರೂ ಸರಿ. "ನನಗೆ ಸಾಯುವ ಯೋಚನೆ ಬರುತ್ತಿದೆ, ಒಬ್ಬಳೇ ಇರಲು ಭಯ" ಅಂತ ಅಷ್ಟೇ ಹೇಳಿ. ಡ್ಯೂಟಿಯಲ್ಲಿದ್ದರೂ ಎದ್ದು ಬನ್ನಿ, ವಾರ್ಡನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಯಾರೂ ಸಿಗದಿದ್ದರೆ ನಿಮ್ಮ ದೇಶದ ತುರ್ತು ನಂಬರ್ ಅಥವಾ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಎಮರ್ಜೆನ್ಸಿಗೆ ಪೇಷೆಂಟ್ ಆಗಿ ಹೋಗಿ. ಹಾನಿ ಮಾಡಿಕೊಳ್ಳಲು ಆಗುವಂಥದ್ದು ಹತ್ತಿರ ಇದ್ದರೆ ಇನ್ನೊಬ್ಬರ ಕೈಗೆ ಕೊಟ್ಟುಬಿಡಿ. ಇಂಥ ಯೋಚನೆಯ ತೀವ್ರ ಗಳಿಗೆ ಇಳಿಯುತ್ತದೆ. ಅದು ಇಳಿಯುವ ತನಕ ಜೊತೆಗೊಬ್ಬರು ಬೇಕು.

ಸಹೋದ್ಯೋಗಿ ಒಬ್ಬರ ಮೇಲೆ ಅನುಮಾನ. ಕೇಳಬಹುದಾ?

ಕೇಳಿ, ನೇರವಾಗಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. "ಹುಷಾರಾಗಿದ್ದೀಯಾ?" ಅಂದರೆ "ಹ್ಞೂಂ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಎರಡು ವಾರದಿಂದ ನೀನು ಊಟಕ್ಕೆ ಬರ್ತಿಲ್ಲ, ನಿನ್ನೆ ಲಿಫ್ಟ್ ಹತ್ತಿರ ಅಳ್ತಿದ್ದೆ. ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?" ಅಂತ ಕೇಳಿ ನೋಡಿ. ಹೌದು ಅಂದರೆ ಬಿಟ್ಟು ಹೋಗಬೇಡಿ, ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ, ಜೊತೆಗೇ ಡಾಕ್ಟರ್ ಹತ್ತಿರ ಹೋಗಿ. ಆ ದಿನದ ಅವರ ಡ್ಯೂಟಿ ಬೇರೆಯವರು ಹಂಚಿಕೊಳ್ಳಿ.

ಧ್ಯಾನ, ವೆಲ್‌ನೆಸ್ ಕ್ಲಾಸ್‌ಗಳಿಂದ ಉಪಯೋಗ ಇದೆಯಾ?

ಇಷ್ಟಪಟ್ಟು ಮಾಡಿದರೆ ಇದೆ. ನೈಟ್ ಡ್ಯೂಟಿ ಮುಗಿಸಿದವರನ್ನು ಹಿಡಿದು ಕೂರಿಸಿ ಕಡ್ಡಾಯವಾಗಿ ಉಸಿರಾಟ ಹೇಳಿಕೊಟ್ಟರೆ ಸಿಟ್ಟೇ ಜಾಸ್ತಿ ಬರುತ್ತದೆ. ಆ ಒಂದು ಗಂಟೆ ಮಲಗಲು ಬಿಟ್ಟಿದ್ದರೆ ಸಾಕಿತ್ತು.

ಅದೇ ಮೊದಲೇ ಮಾಡಿದ ಒಂದು ಚಿಕ್ಕ ಕೆಲಸ ಫಲ ಕೊಟ್ಟ ಉದಾಹರಣೆ ಇದೆ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಡ್ಯೂಟಿ ಶುರುವಾಗುವ ಮುಂಚೆ ಇಂಟರ್ನ್‌ಗಳಿಗೆ ವಾರಕ್ಕೆ ಅರ್ಧ ಗಂಟೆಯಂತೆ ನಾಲ್ಕು ವಾರ, ಯೋಚನೆಯ ಜಾಡು ಬದಲಿಸುವ ಸಿಬಿಟಿ ಚಿಕಿತ್ಸೆಯ ಪಾಠಗಳನ್ನು ಆನ್‌ಲೈನ್‌ನಲ್ಲಿ ಕೊಟ್ಟರು. ಆ ವರ್ಷ ಅವರಲ್ಲಿ ಶೇಕಡಾ 12 ಜನಕ್ಕೆ ಸಾಯುವ ಯೋಚನೆ ಬಂತು. ಆ ಪಾಠ ಸಿಗದವರಲ್ಲಿ ಅದು 21.2.

ಮಗ ರೆಸಿಡೆಂಟ್. ಫೋನ್ ಎತ್ತುವುದೇ ಇಲ್ಲ. ನಾವೇನು ಮಾಡಬಹುದು?

"ಯಾಕೆ ಫೋನ್ ಮಾಡಲ್ಲ?" ಅಂತ ಶುರು ಮಾಡಬೇಡಿ. "ಉತ್ತರ ಬೇಡ, ನೆನಪಾಯಿತು ಅಷ್ಟೇ" ಅಂತ ಒಂದು ಮೆಸೇಜ್ ಹಾಕಿ. ನನ್ನ ಅಪ್ಪ ಇಡೀ ಎರಡನೇ ವರ್ಷ ದಿನಾ ಬೆಳಗ್ಗೆ ಮನೆಯ ಬೆಕ್ಕಿನ ಫೋಟೊ ಕಳಿಸುತ್ತಿದ್ದರು, ಒಂದಕ್ಷರ ಬರೆಯದೆ. ನಾನು ಉತ್ತರ ಕೊಟ್ಟಿದ್ದು ಕಡಿಮೆ. ನೋಡಿದ್ದು ಎಲ್ಲವನ್ನೂ. ಮದುವೆ, ಸಂಬಳ, ಪಕ್ಕದ ಮನೆಯವರ ಮಗ ಏನು ಮಾಡಿದ, ಇವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. "ಎಲ್ಲ ಬಿಟ್ಟು ಬಂದರೂ ಮನೆ ಇದೆ" ಅಂತ ಒಂದು ಸಲ ಬಾಯಿಬಿಟ್ಟು ಹೇಳಿ, ಅವರಿಗೆ ಗೊತ್ತೇ ಇರುತ್ತದೆ ಅಂದುಕೊಳ್ಳಬೇಡಿ. ಮಾತು ತೀರಾ ಬದಲಾಗಿದೆ, ಎಲ್ಲರಿಗೂ ವಿದಾಯ ಹೇಳಿದ ಹಾಗೆ ಮಾತಾಡುತ್ತಿದ್ದಾನೆ ಅನ್ನಿಸಿದರೆ ಕಾಯಬೇಡಿ, ಹೊರಟು ಹೋಗಿ.

ಕೋರ್ಸ್ ಬಿಟ್ಟುಬಿಡಲಾ?

ಇವತ್ತು ನಿರ್ಧಾರ ಮಾಡಬೇಡಿ. ಮೊದಲು ಮೆಡಿಕಲ್ ಲೀವ್ ಹಾಕಿ. ಬ್ಯಾಚ್‌ನಿಂದ ಆರು ತಿಂಗಳು ಹಿಂದೆ ಬಿದ್ದರೆ ಬೀಳಲಿ, ಹತ್ತು ವರ್ಷದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೂ ಬೇಡ ಅನ್ನಿಸಿದರೆ ಬಿಡಬಹುದು. ನನ್ನ ಬ್ಯಾಚ್‌ನ ಒಬ್ಬ ಸರ್ಜರಿ ಬಿಟ್ಟು ಪೆಥಾಲಜಿಗೆ ಹೋದ. ಅವನೀಗ ಸಂಜೆ ಆರಕ್ಕೆ ಮನೆಯಲ್ಲಿರುತ್ತಾನೆ, ಮೈಕ್ರೋಸ್ಕೋಪ್‌ನಲ್ಲಿ ಕಂಡ ಚೆಂದದ ಸ್ಲೈಡ್‌ಗಳ ಫೋಟೊ ನಮಗೆಲ್ಲ ಕಳಿಸುತ್ತಾನೆ.

ರೆಸಿಡೆನ್ಸಿ ಮುಗಿದ ಮೇಲೆ ತಾನಾಗಿ ಸರಿಹೋಗುತ್ತದಾ?

ಕೆಲವರಿಗೆ ಹಗುರಾಗುತ್ತದೆ. ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಜಾಸ್ತಿ, ಅದಕ್ಕೇ ಮುಗಿಯಲಿ ಅಂತ ಕಾಯುವುದು ಒಳ್ಳೆಯ ಲೆಕ್ಕ ಅಲ್ಲ. ನನಗೆ ಮಾತ್ರೆ ಮತ್ತು ಮಾತುಕತೆ ಎರಡೂ ಸೇರಿ ಸುಮಾರು ಒಂದು ವರ್ಷ ಹಿಡಿಯಿತು. ಈಗಲೂ ವರ್ಷಕ್ಕೆರಡು ಸಲ ಅದೇ ಡಾಕ್ಟರ್ ಹತ್ತಿರ ಹೋಗುತ್ತೇನೆ. ಆ ಗಡಿಯಾರವನ್ನು ಇನ್ನೂ ಯಾರೂ ಸರಿ ಮಾಡಿಲ್ಲ.